ಏಪ್ರಿಲ್-ಮೇ ಸ್ಕೀಯಿಂಗ್: ಕೆನಡಾ ಪಶ್ಚಿಮದ ಬೆಟ್ಟಗಳಲ್ಲಿ ಗಡಿಯಾರ ನೋಡಿ ಇಳಿಯುವ ಬಗೆ

ಏಪ್ರಿಲ್ ಮುಗಿಯುತ್ತಾ ಬಂದಿರುತ್ತದೆ. ಕ್ಯಾಲ್ಗರಿಯಲ್ಲಿ ರಸ್ತೆ ಬದಿಯ ಹಿಮ ಕರಗಿ, ಚಳಿಗಾಲದಲ್ಲಿ ಸುರಿದ ಜಲ್ಲಿಪುಡಿ ಮಾತ್ರ ಉಳಿದಿರುತ್ತದೆ. ಊರಿಂದ ಫೋನ್ ಮಾಡಿದ ಅಕ್ಕ "ಇನ್ನೂ ಹಿಮದಲ್ಲಿ ಜಾರೋಕೆ ಹೋಗ್ತೀಯಾ, ಬೇಸಿಗೆ ಬಂತಲ್ಲೋ" ಅನ್ನುತ್ತಾಳೆ. ಹೋಗುತ್ತೇನೆ. ನನ್ನ ಮಟ್ಟಿಗೆ ವರ್ಷದ ಒಳ್ಳೆಯ ಸ್ಕೀಯಿಂಗ್ ಇರುವುದೇ ಈಗ. ಮೈನಸ್ 25ರಲ್ಲಿ ಬೆಟ್ಟ ಹತ್ತಿಸುವ ಲಿಫ್ಟ್ ಕುರ್ಚಿ ಮೇಲೆ ಕೂತು ನಡುಗುವ ಕಷ್ಟ ಇಲ್ಲ, ಜನ ಕಡಿಮೆ, ಹಗಲು ಉದ್ದ.

ಆದರೆ ಇದಕ್ಕೆ ಒಂದು ಲೆಕ್ಕ ಇದೆ, ನನಗದು ಗೊತ್ತಾಗಲು ಎರಡು ಪೆಟ್ಟು ಬೇಕಾಯಿತು. ಮೊದಲ ವರ್ಷ ಬೆಳಿಗ್ಗೆ ಲಿಫ್ಟ್ ತೆರೆಯುವಷ್ಟರಲ್ಲಿ ಹೋಗಿ ನಿಂತೆ. ಬೆಟ್ಟ ಸಿಮೆಂಟಿನ ಹಾಗೆ ಗಟ್ಟಿ. ಮೊಣಕೈ ಊದಿಸಿಕೊಂಡು 11 ಗಂಟೆಗೆ ಬೇಸರದಿಂದ ವಾಪಸ್ ಬಂದೆ. ಮುಂದಿನ ಸಲ ಜಾಣತನ ಮಾಡಿ ಮಧ್ಯಾಹ್ನ 2ಕ್ಕೆ ಹೋದೆ. ಹಿಮ ನೆನೆದ ಅವಲಕ್ಕಿ ಥರ ಆಗಿತ್ತು, ಸ್ಕೀ ಅದರೊಳಗೆ ಸಿಕ್ಕಿಕೊಂಡಿತು, ನಾನು ಮುಂದೆ ಹೋದೆ, ಮಂಡಿ ಹಿಂದೆ ಉಳಿಯಿತು. ಮೂರು ವಾರ ಕುಂಟಿದೆ. ಎರಡೂ ಸಲ ತಪ್ಪು ಬೆಟ್ಟದ್ದಲ್ಲ, ನನ್ನ ಗಡಿಯಾರದ್ದು. ಚಳಿಗಾಲದಲ್ಲಿ "ಎಷ್ಟು ಹಿಮ ಬಿತ್ತು" ಅಂತ ಕೇಳುತ್ತೀವಿ. ಈಗ ಕೇಳಬೇಕಾದದ್ದು "ಯಾವ ಇಳಿಜಾರು, ಎಷ್ಟು ಗಂಟೆಗೆ".

ಇದು ಆಲ್ಬರ್ಟಾ, ಬ್ರಿಟಿಷ್ ಕೊಲಂಬಿಯಾ ಕಡೆ ಇರುವವರಿಗೆ, ಅಥವಾ ಈ ತಿಂಗಳುಗಳಲ್ಲಿ ಬರುವವರಿಗೆ. ಹಸಿರು ವೃತ್ತದ ಗುರುತಿನ ಸುಲಭ ರನ್ (ಇಳಿಯುವ ದಾರಿ) ಇಳಿದು, ನೀಲಿ ಚೌಕದ ಮಧ್ಯಮ ಕಷ್ಟದ್ದನ್ನು ಹೆದರುತ್ತಾ ಇಳಿಯುವಷ್ಟು ಬರುತ್ತದೆ ಅಂದುಕೊಂಡು ಬರೆಯುತ್ತಿದ್ದೇನೆ. ಪೂರ್ತಿ ಹೊಸಬರಾಗಿದ್ದರೆ ಮೊದಲು ಒಂದು ಪಾಠಕ್ಕೆ ದುಡ್ಡು ಕೊಡಿ. ಗೆಳೆಯರಿಂದ ಕಲಿಯಬೇಡಿ, ಸ್ನೇಹವೂ ಹೋಗುತ್ತದೆ, ಮಂಡಿಯೂ ಹೋಗುತ್ತದೆ.

ಮೊದಲು ಬೆಟ್ಟ ಆರಿಸಿ, ಎತ್ತರ ನೋಡಿ

ಹೆಚ್ಚಿನ ರೆಸಾರ್ಟ್‌ಗಳು ಏಪ್ರಿಲ್ ಮಧ್ಯದಲ್ಲಿ ಬಾಗಿಲು ಹಾಕುತ್ತವೆ. ಫರ್ನಿ, ಕಿಕಿಂಗ್ ಹಾರ್ಸ್, ರೆವೆಲ್‌ಸ್ಟೋಕ್ ಎಲ್ಲಾ ಸಾಮಾನ್ಯವಾಗಿ ಆ ಹೊತ್ತಿಗೆ ಮುಗಿಯುತ್ತವೆ. ಮೇಲೆ ಹಿಮ ಇಲ್ಲ ಅಂತಲ್ಲ. ರೆವೆಲ್‌ಸ್ಟೋಕ್‌ನ ತಳ ಬರೀ 512 ಮೀಟರ್ ಎತ್ತರದಲ್ಲಿದೆ, ಲಿಫ್ಟ್ ಹೋಗುವ ತುದಿ 2225 ಮೀಟರ್. ಅಂದರೆ 1713 ಮೀಟರ್ ಇಳಿತ, ಉತ್ತರ ಅಮೆರಿಕದಲ್ಲೇ ದೊಡ್ಡದು. ಮೇಲೆ ಚಳಿಗಾಲ ನಡೆಯುತ್ತಿರುವಾಗಲೇ ಕೆಳಗೆ ಹುಲ್ಲು, ಕೆಸರು. ಫರ್ನಿಯ ತಳವೂ ಸುಮಾರು 1050 ಮೀಟರ್ ಅಷ್ಟೇ, ಅಲ್ಲಿ ವಸಂತದ ಮಳೆ ಬಿದ್ದರೆ ಕಥೆ ಮುಗಿಯಿತು.

ಮೇ ತಿಂಗಳಿಗೆ ಉಳಿಯುವುದು ಕೆಲವೇ. ಬ್ಯಾನ್ಫ್ ಹತ್ತಿರದ ಸನ್‌ಶೈನ್ ವಿಲೇಜ್ ನನ್ನ ಮೊದಲ ಆಯ್ಕೆ. ಅದರ ಹಳ್ಳಿಯೇ 2160 ಮೀಟರ್ ಎತ್ತರದಲ್ಲಿದೆ, ತುದಿ 2730. ಸಾಮಾನ್ಯವಾಗಿ ಮೇ ಮೂರನೇ ವಾರದವರೆಗೆ, ಅಂದರೆ ವಿಕ್ಟೋರಿಯಾ ದಿನದ ರಜೆಯ ತನಕ ಎಳೆಯುತ್ತಾರೆ. ಆ ವಾರಾಂತ್ಯ ಅಲ್ಲಿ ಸ್ಲಶ್ ಕಪ್ ನಡೆಯುತ್ತದೆ. 1928ರಲ್ಲಿ ಶುರುವಾದ ಹಳೇ ಹುಚ್ಚಾಟ. ಚಿತ್ರವಿಚಿತ್ರ ವೇಷ ಹಾಕಿಕೊಂಡವರು ಜೋರಾಗಿ ಇಳಿದು ಬಂದು ಕೊರೆಯುವ ನೀರಿನ ಹೊಂಡ ದಾಟಲು ನೋಡುತ್ತಾರೆ, ಬಹಳ ಜನ ಮುಳುಗುತ್ತಾರೆ. ನೋಡಲು ಹೋಗಿ. ಲೇಕ್ ಲೂಯಿಸ್, ಜ್ಯಾಸ್ಪರ್‌ನ ಮಾರ್ಮಟ್ ಬೇಸಿನ್ ಮೇ ಮೊದಲ ವಾರದ ಆಸುಪಾಸಿನವರೆಗೆ ಇರುತ್ತವೆ. ಕರಾವಳಿ ಕಡೆ ವಿಸ್ಲರ್ ಬ್ಲ್ಯಾಕ್‌ಕೂಂಬ್‌ನಲ್ಲಿ ಎರಡು ಬೆಟ್ಟಗಳಲ್ಲಿ ಒಂದನ್ನು ಮೊದಲು ಮುಚ್ಚಿ ಇನ್ನೊಂದನ್ನು ಮೇ ತನಕ ನಡೆಸುವುದು ರೂಢಿ. ಮುಚ್ಚುವ ದಿನ ವರ್ಷ ವರ್ಷ ಬದಲಾಗುತ್ತದೆ, ಟಿಕೆಟ್ ತೆಗೆಯುವ ಮುಂಚೆ ನೋಡಿಕೊಳ್ಳಿ. ಯಾವ ಯಾವ ಲಿಫ್ಟ್ ನಡೆಯುತ್ತಿದೆ ಅನ್ನುವುದನ್ನೂ ನೋಡಿ. ಕೊನೆಯ ವಾರಗಳಲ್ಲಿ ಅರ್ಧ ಬೆಟ್ಟ ಮಾತ್ರ ತೆರೆದಿರಬಹುದು.

ಒಂದು ಪದ ಕಲಿತಿರಿ: ಡೌನ್‌ಲೋಡ್. ಕಂಪ್ಯೂಟರ್‌ನದ್ದಲ್ಲ. ಕೆಳಗಿನ ಇಳಿಜಾರು ಕರಗಿದಾಗ ಗೊಂಡೋಲಾದಲ್ಲೇ, ಅಂದರೆ ತಂತಿಗೆ ನೇತುಬಿದ್ದು ಓಡುವ ಡಬ್ಬಿಯಲ್ಲೇ, ಕೂತು ಕೆಳಗಿಳಿಯುವುದಕ್ಕೆ ಹಾಗಂತಾರೆ. ವಿಸ್ಲರ್ ಹಳ್ಳಿ 675 ಮೀಟರ್‌ನಲ್ಲಿದೆ, ಏಪ್ರಿಲ್ ಕೊನೆಗೆ ಅಲ್ಲಿಯವರೆಗೆ ಸ್ಕೀಯಲ್ಲಿ ಬರುತ್ತೇನೆ ಅಂತ ಹಠ ಹಿಡಿದರೆ ಕಲ್ಲಿಗೆ ಸ್ಕೀ ಉಜ್ಜಿ ತಳ ಹರಿಯುತ್ತದೆ. ಡೌನ್‌ಲೋಡ್ ಮಾಡುವುದರಲ್ಲಿ ಅವಮಾನ ಏನೂ ಇಲ್ಲ.

ಹಿಂದಿನ ರಾತ್ರಿ: ಹಿಮದ ವರದಿ ಅಲ್ಲ, ಆಕಾಶ

ಈ ಇಡೀ ಬರಹದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ.

ವಸಂತದಲ್ಲಿ ಹಗಲು ಹಿಮ ಕರಗುತ್ತದೆ, ರಾತ್ರಿ ಮತ್ತೆ ಹೆಪ್ಪುಗಟ್ಟುತ್ತದೆ. ಹೀಗೆ ಹಲವು ದಿನ ನಡೆದಾಗ ಹರಳುಗಳ ಚೂಪು ಅಂಚೆಲ್ಲಾ ಹೋಗಿ, ಸಬ್ಬಕ್ಕಿ ಕಾಳಿನ ಹಾಗೆ ದುಂಡಗಾಗುತ್ತವೆ. ಇದಕ್ಕೆ ಇಲ್ಲಿನವರು ಕಾರ್ನ್ ಸ್ನೋ ಅನ್ನುತ್ತಾರೆ. ರಾತ್ರಿ ಈ ಕಾಳುಗಳು ಒಂದಕ್ಕೊಂದು ಅಂಟಿ ಬಂಡೆಯಾಗುತ್ತವೆ. ಬೆಳಿಗ್ಗೆ ಬಿಸಿಲು ತಾಗಿ ಮೇಲಿನ ಎರಡು ಮೂರು ಸೆಂಟಿಮೀಟರ್ ಮಾತ್ರ ಬಿಡಿಬಿಡಿಯಾದಾಗ, ಕೆಳಗೆ ಗಟ್ಟಿ ನೆಲ, ಮೇಲೆ ಮೆತ್ತನೆ ಹಾಸು. ಆ ಒಂದು ಗಂಟೆ ಸ್ವರ್ಗ. ಸಾಧಾರಣವಾಗಿ ಇಳಿಯುವವರೂ ಆಗ ತಾವು ಒಲಿಂಪಿಕ್ಸ್‌ಗೆ ಹೋಗಬಹುದಿತ್ತು ಅಂದುಕೊಳ್ಳುತ್ತಾರೆ.

ಇದು ಆಗಬೇಕಾದರೆ ರಾತ್ರಿ ಹೆಪ್ಪುಗಟ್ಟಲೇಬೇಕು. ಅದು ಗಾಳಿಯ ಉಷ್ಣತೆ ಒಂದರ ಮೇಲೆ ನಿಂತಿಲ್ಲ. ಊರಲ್ಲಿ ಮೋಡ ಇಲ್ಲದ ಚಳಿಗಾಲದ ರಾತ್ರಿ ಹೊಲದಲ್ಲಿ ಇಬ್ಬನಿ ಜಾಸ್ತಿ ಬೀಳುತ್ತದಲ್ಲ, ಅದೇ ಲೆಕ್ಕ. ಆಕಾಶ ತಿಳಿಯಾಗಿದ್ದರೆ ನೆಲ ತನ್ನ ಶಾಖವನ್ನೆಲ್ಲಾ ಮೇಲಕ್ಕೆ ಬಿಟ್ಟು ತಣ್ಣಗಾಗುತ್ತದೆ. ಹಾಗಾಗಿ ಗಾಳಿ ಪ್ಲಸ್ 2 ಡಿಗ್ರಿ ಇದ್ದರೂ ಹಿಮದ ಮೇಲ್ಮೈ ಹೆಪ್ಪುಗಟ್ಟಬಹುದು. ಮೋಡ ಮುಚ್ಚಿದರೆ ಕಂಬಳಿ ಹೊದ್ದ ಹಾಗೆ, ಸೊನ್ನೆಯ ಹತ್ತಿರ ಇದ್ದರೂ ಸರಿಯಾಗಿ ಗಟ್ಟಿಯಾಗುವುದಿಲ್ಲ.

ರಾತ್ರಿ ಮಲಗುವ ಮುಂಚೆ ನಾನು ನೋಡುವುದು ಮೂರು. ಬೆಟ್ಟದ ಮೇಲಿನ ಕೇಂದ್ರದಲ್ಲಿ ರಾತ್ರಿಯ ಕನಿಷ್ಠ ಉಷ್ಣತೆ ಎಷ್ಟಾಗಲಿದೆ. ಮೋಡ ಇದೆಯಾ. ಮತ್ತು ಫ್ರೀಜಿಂಗ್ ಲೆವೆಲ್, ಅಂದರೆ ಯಾವ ಎತ್ತರದಲ್ಲಿ ಗಾಳಿ ಸೊನ್ನೆ ಡಿಗ್ರಿಗೆ ಬರುತ್ತದೆ. ಅದು ರಾತ್ರಿಯಿಡೀ 3000 ಮೀಟರ್ ಮೇಲೆ ಇದ್ದು ಮೋಡವೂ ಇದ್ದರೆ ನಾನು ಅಲಾರಂ ಇಡುವುದಿಲ್ಲ, ಬೆಳಿಗ್ಗೆ ದೋಸೆ ಮಾಡಿಕೊಂಡು ಮನೆಯಲ್ಲಿರುತ್ತೇನೆ. ಬೆಳಗಾಗುವ ಮುಂಚೆಯೇ ಮೆತ್ತಗಿರುವ ಹಿಮ ಮಧ್ಯಾಹ್ನಕ್ಕೆ ಅಪಾಯ.

ಇನ್ನೊಂದು ಸಾಧ್ಯತೆಯೂ ಇದೆ. ಏಪ್ರಿಲ್‌ನಲ್ಲಿ ಇಲ್ಲಿ ಒಳ್ಳೇ ಹಿಮಪಾತ ಆಗುತ್ತದೆ, 20 ಸೆಂಟಿಮೀಟರ್ ಹೊಸ ಹಿಮ ಬಿದ್ದರೆ ಮೇಲಿನ ಲೆಕ್ಕ ಉಲ್ಟಾ. ಅವತ್ತು ಬೇಗ ಹೋಗಿ. ವಸಂತದ ಬಿಸಿಲು ಮೋಡ ಸರಿದ ಒಂದೆರಡು ಗಂಟೆಯಲ್ಲೇ ಆ ಪುಡಿಯನ್ನು ಅಂಟಾಗಿಸುತ್ತದೆ.

ಬೆಳಿಗ್ಗೆಯಿಂದ: ಬಿಸಿಲಿನ ಹಿಂದೆ ಹೋಗಿ

ಲಿಫ್ಟ್ 9ರ ಹೊತ್ತಿಗೆ ತೆರೆಯುತ್ತದೆ ಅಂದುಕೊಳ್ಳಿ. ರಾತ್ರಿ ಚೆನ್ನಾಗಿ ಹೆಪ್ಪುಗಟ್ಟಿದ್ದರೆ ನಿಧಾನವಾಗಿ ಹೋಗಿ, ಕಾಫಿ ಕುಡಿಯಿರಿ. ಮೊದಲ ಗಂಟೆ ಯಂತ್ರದಿಂದ ಬಾಚಿದ ರನ್‌ಗಳಲ್ಲೇ ಇರಿ, ಆಗ ತಾನೇ ಬಾಚಿದ ಗೆರೆಗಳು ಹಿಡಿತ ಕೊಡುತ್ತವೆ. ಬಾಚದ ಜಾಗದಲ್ಲಿ ನಿನ್ನೆ ಸಂಜೆಯ ಸ್ಕೀ ಜಾಡುಗಳು ಕಲ್ಲಾಗಿ ಕೂತಿರುತ್ತವೆ, ಅಲ್ಲಿ ಕಾಲಿಟ್ಟರೆ ಹಲ್ಲು ಕಟಕಟ ಅನ್ನುತ್ತದೆ.

ಆಮೇಲೆ ಸೂರ್ಯ ಹೇಳಿದಂತೆ ಕೇಳಿ. ಪೂರ್ವಕ್ಕೆ ಮುಖ ಮಾಡಿದ ಇಳಿಜಾರು ಮೊದಲು ಮೆತ್ತಗಾಗುತ್ತದೆ, ನಂತರ ದಕ್ಷಿಣ, ಕೊನೆಗೆ ಪಶ್ಚಿಮ. ಉತ್ತರಕ್ಕೆ ಮುಖ ಮಾಡಿದ್ದು ಎತ್ತರದಲ್ಲಿದ್ದರೆ ದಿನವಿಡೀ ಒಣಗಿಯೇ ಇರಬಹುದು. ಲೇಕ್ ಲೂಯಿಸ್‌ನಲ್ಲಿ ಇದು ಕಣ್ಣಿಗೆ ಕಾಣುತ್ತದೆ. ಮುಂಭಾಗ ಹೆಚ್ಚಾಗಿ ದಕ್ಷಿಣದ ಕಡೆ ತಿರುಗಿದೆ, ಬೇಗ ಕರಗುತ್ತದೆ. ಹಿಂದಿನ ಬೋಗುಣಿಗಳು, ಬ್ಯಾಕ್ ಬೋಲ್ಸ್ ಅನ್ನುತ್ತಾರಲ್ಲ ಅವು, ಹೆಚ್ಚಾಗಿ ಉತ್ತರ-ಈಶಾನ್ಯದ ಕಡೆ. ಮುಂಭಾಗ ಗಂಜಿಯಾದ ದಿನವೂ ಹಿಂದೆ ಹೋದರೆ ಫೆಬ್ರವರಿ ಸಿಗುತ್ತದೆ. ಬ್ಲ್ಯಾಕ್‌ಕೂಂಬ್‌ನ ಸೆವೆಂತ್ ಹೆವನ್ ದಕ್ಷಿಣದ ಬಿಸಿಲಿಗೆ ಹೆಸರಾದದ್ದು, ಅಲ್ಲಿ ಹೊತ್ತು ತಪ್ಪಿಸಿಕೊಂಡರೆ ಸಿಗುವುದು ಬರೀ ಗಂಜಿ.

ಪರೀಕ್ಷೆ ಸುಲಭ. ಲಿಫ್ಟ್‌ನಿಂದ ಕೆಳಗೆ ಕಿವಿ ಕೊಡಿ. ಇಳಿಯುವವರ ಸ್ಕೀ ಕರಕರ ಅಂದರೆ ಇನ್ನೂ ಗಟ್ಟಿ. ಸರ್ ಅಂತ ಮೆತ್ತನೆ ಸದ್ದು ಬಂದರೆ ಅಲ್ಲಿಗೆ ಹೋಗಿ. ಕೋಲನ್ನು ಹಿಮಕ್ಕೆ ಚುಚ್ಚಿ ನೋಡಿ, ತುದಿ ಎರಡು ಮೂರು ಸೆಂಟಿಮೀಟರ್ ಇಳಿದು ಗಟ್ಟಿಗೆ ತಾಗಿದರೆ ಸರಿಯಾದ ಹೊತ್ತು. ಸರಾಗವಾಗಿ ಆಳಕ್ಕೆ ಹೋದರೆ ಆ ಇಳಿಜಾರಿನ ಹೊತ್ತು ಮುಗಿದಿದೆ, ಬೇರೆ ದಿಕ್ಕಿನದಕ್ಕೆ ಹೋಗಿ.

ಕಾಲ ಕೆಳಗಿನ ಹಿಮಕ್ಕೆ ತಕ್ಕ ಹಾಗೆ

ಗಟ್ಟಿ ಹಿಮದ ಮೇಲೆ ಜೋರಾಗಿ ಬ್ರೇಕ್ ಹಾಕಲು ಹೋಗಬೇಡಿ. ಗಾಬರಿಯಾಗಿ ಹಿಂದಕ್ಕೆ ವಾಲುವುದೇ ಬೀಳುವ ದಾರಿ. ಮೊಣಕಾಲಿಗಿಂತ ಕೆಳಗಿನ ಕಾಲಿನ ಮುಂಭಾಗ ಬೂಟಿನ ನಾಲಿಗೆಗೆ ಒತ್ತಿರಲಿ, ಅಂಚನ್ನು ನಿಧಾನವಾಗಿ ಕೂರಿಸಿ, ತಿರುವನ್ನು ಪೂರ್ತಿ ಮುಗಿಸಿ. ಬಾಡಿಗೆ ಸ್ಕೀ ಆದರೆ ಅಂಗಡಿಯಲ್ಲೇ ಅಂಚಿನ ಮೇಲೆ ಉಗುರನ್ನು ಅಡ್ಡಕ್ಕೆ ಎಳೆದು ನೋಡಿ. ಉಗುರಿನ ಪುಡಿ ಬರದಿದ್ದರೆ ಮೊಂಡು. ಬೇರೆ ಜೊತೆ ಕೇಳಿ.

ಗಂಜಿ ಹಿಮ, ಸ್ಲಶ್, ಇದರ ತೊಂದರೆ ಬೇರೆ. ಇಲ್ಲಿ ತೂಕ ಎರಡೂ ಕಾಲಿನ ಮೇಲೆ ಸಮ ಇರಬೇಕು, ಕಾಲು ಸ್ವಲ್ಪ ಅಗಲ. ಒಂದೇ ಕಾಲಿನ ಮೇಲೆ ಭಾರ ಬಿಟ್ಟರೆ ಆ ಸ್ಕೀ ಮುಳುಗಿ ಇನ್ನೊಂದು ಮುಂದೆ ಓಡುತ್ತದೆ. ತಿರುವು ದೊಡ್ಡದಾಗಿ, ದುಂಡಗೆ ಇರಲಿ. ತುಂಬಾ ನಿಧಾನ ಹೋಗುವುದೂ ಕಷ್ಟ, ಸ್ಕೀ ತಿರುಗುವುದೇ ಇಲ್ಲ.

ಎಲ್ಲಕ್ಕಿಂತ ಮೋಸದ ಜಾಗ ನೆರಳು ಮುಗಿದು ಬಿಸಿಲು ಶುರುವಾಗುವ ಗೆರೆ. ನೆರಳಲ್ಲಿ ಗಾಜಿನ ಹಾಗೆ ಜಾರುತ್ತಾ ಬಂದಿರುತ್ತೀರಿ, ಬಿಸಿಲಿಗೆ ಬಂದ ತಕ್ಷಣ ಯಾರೋ ಕಾಲು ಹಿಡಿದು ಎಳೆದ ಹಾಗೆ ನಿಲ್ಲುತ್ತದೆ, ಮೈ ಮಾತ್ರ ಮುಂದೆ ಹೋಗುತ್ತದೆ. ನನ್ನ ಮಂಡಿ ಹೋದದ್ದು ಇಂಥದ್ದೇ ಗೆರೆಯಲ್ಲಿ. ಅದು ಕಂಡ ಕೂಡಲೇ ಒಂದು ಕಾಲನ್ನು ಸ್ವಲ್ಪ ಮುಂದಿಟ್ಟು, ಮಂಡಿ ಬಗ್ಗಿಸಿ ಸಿದ್ಧವಾಗಿರಿ. ಬಿದ್ದರೆ ಬಿದ್ದ ಹಾಗೇ ಇರಿ. ಜಾರುತ್ತಿರುವಾಗಲೇ ಎದ್ದು ನಿಲ್ಲಲು ನೋಡಿದರೆ ಮಂಡಿಯ ಒಳಗಿನ ಕಟ್ಟು ಹರಿಯಬಹುದು.

ಹಾಗೇ ಬಾಡಿಗೆ ಅಂಗಡಿಯಲ್ಲಿ ತೂಕ, ವಯಸ್ಸು, ನಿಮ್ಮ ಮಟ್ಟ ಕೇಳುತ್ತಾರಲ್ಲ, ನಿಜ ಹೇಳಿ. ಆ ಲೆಕ್ಕದ ಮೇಲೇ ಬೈಂಡಿಂಗ್, ಅಂದರೆ ಬೂಟನ್ನು ಸ್ಕೀಗೆ ಹಿಡಿದಿಡುವ ಕೊಂಡಿ, ಎಷ್ಟು ಬಿಗಿ ಅಂತ ಇಡುವುದು. ಬೀಳುವಾಗ ಸ್ಕೀ ಕಳಚಿಕೊಳ್ಳಬೇಕಾದದ್ದು ಕಳಚದಿದ್ದರೆ ಮುರಿಯುವುದು ಕಾಲು.

ಸಾಮಾನಿನ ಬಗ್ಗೆ ಸ್ವಲ್ಪ

ಬೆಳಿಗ್ಗೆ ಮೈನಸ್ 8, ಮಧ್ಯಾಹ್ನ ಪ್ಲಸ್ 8 ಇರಬಹುದು. ದಪ್ಪ ಜಾಕೆಟ್ ಒಂದರ ಬದಲು ತೆಳ್ಳಗಿನ ಮೂರು ಪದರ ಹಾಕಿ, ಮೇಲಿನದು ನೀರು ತಡೆಯುವಂಥದ್ದು. ಹತ್ತಿ ಬನಿಯನ್ ಬೇಡ, ಒದ್ದೆಯಾದರೆ ಒಣಗುವುದಿಲ್ಲ. ಇನ್ನೊಂದು ಜೊತೆ ಕೈಗವಸು, ಇನ್ನೊಂದು ಜೊತೆ ಕಾಲುಚೀಲ ಕಾರಲ್ಲಿರಲಿ. ಹೆಲ್ಮೆಟ್ ಬಗ್ಗೆ ಚರ್ಚೆಯೇ ಬೇಡ.

ಮೇಣದ ವಿಷಯ ಮರೆಯುತ್ತಾರೆ. ಚಳಿಗಾಲದ ಮೇಣ ಒದ್ದೆ ಹಿಮದಲ್ಲಿ ಕೆಲಸ ಮಾಡುವುದಿಲ್ಲ, ಸ್ಕೀ ಅಂಟಿಕೊಳ್ಳುತ್ತದೆ. ಅಂಗಡಿಯಲ್ಲಿ "ಬೆಚ್ಚಗಿನ ಹಿಮದ ವ್ಯಾಕ್ಸ್" ಅಂತ ಹೇಳಿ ಹಾಕಿಸಿ. ಈ ಕಾಲದ ಹಿಮದಲ್ಲಿ ಧೂಳು, ಮರದ ಕಸ ಎಲ್ಲಾ ಸೇರಿರುತ್ತದೆ, ಸಂಜೆ ತಳ ಒರೆಸಿ.

ಬಿಸಿಲು! "ನಾವು ಬಯಲುಸೀಮೆಯವರು, ಬಳ್ಳಾರಿ ಬಿಸಿಲು ಕಂಡವರು, ಇವರ ಬಿಸಿಲು ಏನು ಮಹಾ" ಅಂತ ನಾನೂ ಅಂದಿದ್ದೆ. ಹೊಸ ಹಿಮ ನೇರಳಾತೀತ ಕಿರಣದ ಶೇ. 80ರಷ್ಟನ್ನು ವಾಪಸ್ ಎಸೆಯಬಲ್ಲದು. ಅಂದರೆ ಬಿಸಿಲು ಕೆಳಗಿನಿಂದಲೂ ಬರುತ್ತದೆ. ನನ್ನ ಮೂಗಿನ ಹೊಳ್ಳೆಯ ಒಳಗೆ ಸುಟ್ಟಿತು, ಗಲ್ಲದ ಕೆಳಗೆ ಸಿಪ್ಪೆ ಎದ್ದಿತು. ಸನ್‌ಸ್ಕ್ರೀನ್ ಗಲ್ಲದ ಕೆಳಗೂ, ಮೂಗಿನ ಕೆಳಗೂ, ಎರಡು ಗಂಟೆಗೊಮ್ಮೆ. ಕನ್ನಡಕವಿಲ್ಲದೆ ಇಡೀ ದಿನ ಇದ್ದರೆ ರಾತ್ರಿ ಕಣ್ಣಿಗೆ ಮರಳು ಹಾಕಿ ಉಜ್ಜಿದ ಹಾಗೆ ಉರಿಯುತ್ತದೆ.

ಊಟ ಮನೆಯಿಂದಲೇ ಒಯ್ಯಿರಿ, ಬೆಟ್ಟದ ಮೇಲಿನ ಬೆಲೆ ನೋಡಿದರೆ ಹಸಿವೇ ಹೋಗುತ್ತದೆ. ಡೇ ಲಾಡ್ಜ್‌ಗಳಲ್ಲಿ ಮನೆಯ ಡಬ್ಬಿ ಬಿಚ್ಚಿ ತಿನ್ನಲು ಸಾಮಾನ್ಯವಾಗಿ ಜಾಗ ಇರುತ್ತದೆ. ಪುಳಿಯೋಗರೆ ತಣ್ಣಗಾದರೂ ಕೆಡುವುದಿಲ್ಲ, ಅಲ್ವಾ?

ಹಗ್ಗದ ಈಚೆ, ಹಗ್ಗದ ಆಚೆ

ರೆಸಾರ್ಟ್‌ನ ಗಡಿಯೊಳಗೆ ಸ್ಕೀ ಪ್ಯಾಟ್ರೋಲ್‌ನವರು, ಅಂದರೆ ಬೆಟ್ಟದ ಸುರಕ್ಷತೆ ನೋಡಿಕೊಳ್ಳುವವರು, ಬೆಳಿಗ್ಗೆ ಬೇಗ ಎದ್ದು, ಬೇಕಾದ ಕಡೆ ಸ್ಫೋಟಕ ಹಾಕಿ ಹಿಮಕುಸಿತವನ್ನು ಮೊದಲೇ ಬೀಳಿಸಿರುತ್ತಾರೆ. ಹಗ್ಗ ಕಟ್ಟಿ "ಮುಚ್ಚಿದೆ" ಅಂದರೆ ಕಾರಣ ಇದೆ. ಬೆಳಿಗ್ಗೆ ತೆರೆದಿದ್ದ ರನ್ಅನ್ನು ಮಧ್ಯಾಹ್ನ 1ಕ್ಕೆ ಮುಚ್ಚಿದರೆ ಗೊಣಗಬೇಡಿ, ಬಿಸಿಗೆ ಅಲ್ಲಿ ಹಿಮ ಸಡಿಲ ಆಗಿದೆ ಅಂತ ಅರ್ಥ. ಹಗ್ಗದ ಕೆಳಗೆ ನುಸುಳಿದರೆ ಪಾಸ್ ಕಿತ್ತುಕೊಳ್ಳುತ್ತಾರೆ, ಅದು ಚಿಕ್ಕ ನಷ್ಟ. ಎರಡು ಬಿದಿರು ಕೋಲು ಅಡ್ಡಡ್ಡ ನೆಟ್ಟಿದ್ದರೆ ಅಲ್ಲಿ ಕಲ್ಲೋ ಗುಂಡಿಯೋ ತಲೆ ಎತ್ತಿದೆ. ಕೆಳಗೆ ತೊರೆಗಳು ಹರಿಯಲು ಶುರುವಾಗಿರುತ್ತವೆ, ಅವುಗಳ ಮೇಲಿನ ಹಿಮದ ಸೇತುವೆ ತೆಳುವಾಗಿರುತ್ತದೆ. ಕಿವಿಗೆ ನೀರಿನ ಸದ್ದು ಬಿದ್ದರೆ ದೂರ ಹೋಗಿ. ಹೊಸ ಹಿಮ ಜಾಸ್ತಿ ಬಿದ್ದ ದಿನ ಮರಗಳ ಬುಡದ ಹತ್ತಿರವೂ ಹೋಗಬೇಡಿ. ಕೊಂಬೆಗಳ ಕೆಳಗೆ ಸಡಿಲ ಹಿಮದ ಬಾವಿ ಇರುತ್ತದೆ, ತಲೆಕೆಳಗಾಗಿ ಬಿದ್ದರೆ ಒಬ್ಬರೇ ಹೊರಬರುವುದು ಆಗದ ಮಾತು. ಜೊತೆಗಾರರು ಕಣ್ಣಿಗೆ ಕಾಣುವಷ್ಟು ಹತ್ತಿರ ಇರಲಿ.

ಗಡಿಯ ಆಚೆ ಯಾರೂ ಬಾಂಬ್ ಹಾಕಿಲ್ಲ. ಅಲ್ಲಿಗೆ ಹೋಗುವ ಆಸೆ ಇರುವವರಿಗೆ ಹಿಮ ಹೇಗೆ ಕೂತಿದೆ ಅನ್ನುವುದು ಗೊತ್ತಿರಬೇಕು. ಅದು ಚಿರೋಟಿಯ ಹಾಗೆ ಪದರ ಪದರ. ಕರಾವಳಿಯಲ್ಲಿ ಪದರ ದಪ್ಪ, ಒದ್ದೆ, ಒಟ್ಟಾರೆ ಗಟ್ಟಿ. ಒಳನಾಡಿನ ರಾಕೀಸ್ ಪರ್ವತಗಳಲ್ಲಿ (ಬ್ಯಾನ್ಫ್ ಕಡೆ) ಹಿಮ ಕಡಿಮೆ, ಚಳಿ ಜಾಸ್ತಿ, ಹಾಗಾಗಿ ತಳದಲ್ಲಿ ಸಕ್ಕರೆ ಹರಳಿನಂಥ, ಒಂದಕ್ಕೊಂದು ಅಂಟದ ಪದರ ಚಳಿಗಾಲವಿಡೀ ಕೂತಿರುತ್ತದೆ. ವಸಂತದಲ್ಲಿ ಕರಗಿದ ನೀರು ಅಲ್ಲಿಗೆ ಇಳಿದರೆ ನೆಲದವರೆಗೂ ಇಡೀ ಇಳಿಜಾರೇ ಜಾರಿ ಬರಬಹುದು. ಚಳಿಗಾಲದಲ್ಲಿ ಸುಮ್ನೆ ಇದ್ದ ಜಾಗ ಮೇನಲ್ಲಿ ಬೀಳುವುದು ಹೀಗೆ.

ಕಣ್ಣಿಗೆ ಕಾಣುವ ಸೂಚನೆಗಳಿವೆ. ಇಳಿಜಾರಿನ ಮೇಲಿಂದ ಹಿಮದ ಉಂಡೆಗಳು ತಾವಾಗಿ ಉರುಳುತ್ತಾ ಬರುವುದು. ಬಂಡೆಗಳ ಸುತ್ತ ಒದ್ದೆ ಹಿಮ ಸಣ್ಣದಾಗಿ ಕುಸಿಯುವುದು. ಬೂಟು ಕಣಕಾಲಿನ ಮೇಲೆ ಹೂತುಹೋಗುವುದು. ಇವುಗಳಲ್ಲಿ ಒಂದು ಕಂಡರೂ ಹೊರಡಿ. ಶಿಖರದ ಅಂಚಿಗೆ ಗಾಳಿ ಕಟ್ಟಿದ ಹಿಮದ ಚಜ್ಜಾಗಳು, ಕಾರ್ನಿಸ್ ಅನ್ನುತ್ತಾರೆ, ಬಿಸಿಲಿಗೆ ಜೋತು ಬೀಳುತ್ತವೆ. ಅವುಗಳ ಮೇಲೂ ನಿಲ್ಲಬಾರದು, ಕೆಳಗೂ ಊಟಕ್ಕೆ ಕೂರಬಾರದು.

ಅವಲಾಂಚ್ ಕೆನಡಾ ಪ್ರದೇಶವಾರು ಮುನ್ಸೂಚನೆ ಕೊಡುತ್ತದೆ, ಬ್ಯಾನ್ಫ್ ಕಡೆಯ ರಾಷ್ಟ್ರೀಯ ಉದ್ಯಾನಗಳದ್ದನ್ನು ಪಾರ್ಕ್ಸ್ ಕೆನಡಾ. ಅಪಾಯಕ್ಕೆ ಐದು ಮಟ್ಟ. ಮೂರನೆಯದಕ್ಕೆ "ಕನ್ಸಿಡರಬಲ್" ಅಂತ ಹೆಸರು. ನಡುವಿನದು ಅಂತ ಹಗುರ ಮಾಡಬೇಡಿ, ಮನುಷ್ಯರು ಹಿಮಕುಸಿತ ಎಬ್ಬಿಸುವ ಸಾಧ್ಯತೆ ಆ ಮಟ್ಟದಲ್ಲೇ ಜಾಸ್ತಿ ಇದೆ. ಋತುವಿನ ಕೊನೆಗೆ ದಿನನಿತ್ಯದ ಮುನ್ಸೂಚನೆ ನಿಲ್ಲುತ್ತದೆ. ಮುನ್ಸೂಚನೆ ನಿಂತಿತು ಅಂದರೆ ಅಪಾಯ ನಿಂತಿತು ಅಂತಲ್ಲ.

ಟ್ರಾನ್ಸೀವರ್ (ಹೂತವರನ್ನು ಹುಡುಕುವ ರೇಡಿಯೋ), ಸಲಿಕೆ, ಹಿಮ ಚುಚ್ಚಿ ಹುಡುಕುವ ಪ್ರೋಬ್ ಕೋಲು ಮೂರೂ, ಅವನ್ನು ಬಳಸಲು ಬರುವ ಜೊತೆಗಾರರೂ ಇಲ್ಲದೆ ಆಚೆ ಹೋಗಬೇಡಿ. ಸನ್‌ಶೈನ್‌ನ ಡಿಲಿರಿಯಂ ಡೈವ್ ಅನ್ನುವ ಕಡಿದಾದ ಇಳಿಜಾರಿಗಂತೂ ಗೇಟಿನಲ್ಲೇ ಇವೆಲ್ಲಾ ಕೇಳುತ್ತಾರೆ. ಹೂತುಹೋದವರು ಬದುಕುವ ಅವಕಾಶ ಮೊದಲ ಹತ್ತು ನಿಮಿಷದ ನಂತರ ಬೇಗ ಕುಸಿಯುತ್ತದೆ, ಹೆಲಿಕಾಪ್ಟರ್ ಅಷ್ಟರಲ್ಲಿ ಬರುವುದಿಲ್ಲ. ಎಎಸ್‌ಟಿ 1 ಅನ್ನುವ, ಹಿಮಕುಸಿತದ ಬಗೆಗಿನ ಮೊದಲ ಹಂತದ ತರಬೇತಿ ಸಾಮಾನ್ಯವಾಗಿ ಎರಡು ದಿನದ್ದು. ನನ್ನ ಮಾತು ಕೇಳಿದರೆ, ಅದು ಆಗುವ ತನಕ ಹಗ್ಗದ ಈಚೆಯೇ ಬೇಕಾದಷ್ಟು ಬೆಟ್ಟ ಇದೆ.

ನಿಲ್ಲಿಸುವುದು, ಮನೆಗೆ ಬರುವುದು

ಸಂಜೆ ಎಂಟಾದರೂ ಬೆಳಕಿರುತ್ತದೆ, ಅದಕ್ಕೇ ಮೋಸ ಹೋಗುತ್ತೇವೆ. ನಾನು 2ಕ್ಕೆ ನಿಲ್ಲಿಸುತ್ತೇನೆ. ಕಾಲು ಸೋತಿರುತ್ತದೆ, ಹಿಮ ಭಾರ ಆಗಿರುತ್ತದೆ, ಎರಡೂ ಸೇರಿದರೆ ಮಂಡಿಗೆ ಗಂಡಾಂತರ. "ಇದೊಂದು ಕೊನೇ ರನ್" ಅಂತ ಜೋರಾಗಿ ಹೇಳಬೇಡಿ ಅನ್ನುವ ಮೂಢನಂಬಿಕೆ ಸ್ಕೀ ಜನರಲ್ಲಿದೆ. ನಾನು ಪಾಲಿಸುತ್ತೇನೆ.

ಕಾರಿನ ವಿಷಯ ಚಿಕ್ಕದಾಗಿ. ಬ್ಯಾನ್ಫ್, ಜ್ಯಾಸ್ಪರ್‌ಗೆ ಪಾರ್ಕ್ ಪಾಸ್ ಬೇಕು. ಬ್ರಿಟಿಷ್ ಕೊಲಂಬಿಯಾದ ಪರ್ವತ ದಾರಿಗಳಲ್ಲಿ ಏಪ್ರಿಲ್ 30ರ ತನಕ ಚಳಿಗಾಲದ ಟೈರ್ ಕಡ್ಡಾಯ, ಬಾಡಿಗೆ ಕಾರು ತೆಗೆದುಕೊಳ್ಳುವಾಗ ಟೈರಿನ ಪಕ್ಕದಲ್ಲಿ ಬೆಟ್ಟ-ಹಿಮಹರಳಿನ ಗುರುತು ಅಥವಾ "ಎಂ+ಎಸ್" ಇದೆಯಾ ನೋಡಿ. ರೋಜರ್ಸ್ ಪಾಸ್ ಅನ್ನುವ ಪರ್ವತ ದಾರಿಯಲ್ಲಿ ಹಿಮಕುಸಿತ ತಡೆಯಲು ಫಿರಂಗಿ ಹಾರಿಸುವಾಗ ಹೆದ್ದಾರಿ ಗಂಟೆಗಟ್ಟಲೆ ಮುಚ್ಚಬಹುದು, ಪೆಟ್ರೋಲ್ ಮತ್ತು ತಿಂಡಿ ಜಾಸ್ತಿಯೇ ಇರಲಿ. ಏಪ್ರಿಲ್‌ಗೆ ಕರಡಿಗಳೂ ಎದ್ದಿರುತ್ತವೆ, ರಸ್ತೆ ಬದಿ ಕಂಡರೆ ಕಾರಿಂದ ಇಳಿಯಬೇಡಿ. ಊರಿಂದ ಬಂದ ಅಪ್ಪ-ಅಮ್ಮನನ್ನೋ ತಮ್ಮನನ್ನೋ ಕರೆದುಕೊಂಡು ಹೋಗುವುದಾದರೆ, ಪ್ರವಾಸದ ವಿಮೆಯಲ್ಲಿ ಸ್ಕೀಯಿಂಗ್ ಸೇರಿದೆಯಾ ಅಂತ ಓದಿ ನೋಡಿ. ಇಲ್ಲಿನ ಸರ್ಕಾರಿ ಆರೋಗ್ಯ ವಿಮೆ ಪ್ರವಾಸಿಗರಿಗೆ ಸಿಗುವುದಿಲ್ಲ.

ಕೊನೆಯ ದಿನ ಮುಗಿಸಿ ಬಂದ ಮೇಲೆ ಬೂಟಿನ ಒಳಚೀಲ ಹೊರಗೆಳೆದು ಪೂರ್ತಿ ಒಣಗಿಸಿ, ಮತ್ತೆ ಹಾಕಿ, ಬಕಲ್‌ಗಳನ್ನು ಸಡಿಲವಾಗಿ ಮುಚ್ಚಿಡಿ, ಇಲ್ಲದಿದ್ದರೆ ಬೂಟಿನ ಆಕಾರ ಕೆಡುತ್ತದೆ. ಸ್ಕೀಯ ಅಂಚು ಒರೆಸಿ, ತಳಕ್ಕೆ ದಪ್ಪಗೆ ಮೇಣ ಹಚ್ಚಿ ಕೆರೆಯದೆ ಹಾಗೇ ಬಿಡಿ, ನವೆಂಬರ್‌ನಲ್ಲಿ ಕೆರೆದರಾಯಿತು. ಸ್ವಂತ ಸ್ಕೀ ಇಲ್ಲದವರು ಏಪ್ರಿಲ್ ಕೊನೆಗೆ ಬಾಡಿಗೆ ಅಂಗಡಿಗಳ ಕಡೆ ಒಂದು ಸುತ್ತು ಹಾಕಿ. ಋತು ಮುಗಿಯುವಾಗ ಬಳಸಿದ ಸ್ಕೀಗಳನ್ನು ಕಡಿಮೆ ಬೆಲೆಗೆ ಮಾರುತ್ತಾರೆ, ನನ್ನದೂ ಹಾಗೇ ಸಿಕ್ಕಿದ್ದು.